ಜೈಸಲ್ಮೇರಿನಲ್ಲಿ ಊಟ ಎಲ್ಲಿ ಚೆನ್ನಾಗಿದೆ?

ನನ್ನ ಸೋದರಮಾವನ ಜೊತೆ ಹೋಟೆಲಿಗೆ ಹೋಗುವುದಕ್ಕಿಂತ ಮನೆಯಲ್ಲಿ ನೀರು ಕುಡಿದು ಮಲಗುವುದು ಮೇಲು! ಇದು ನನ್ನೊಬ್ಬನ ಅಭಿಪ್ರಾಯವೆಂದು ತಿಳಿಯಬೇಡಿ. ದಾವಣಗೆರೆಯ ಯಾವ ದೋಸೆ ಹೋಟೆಲಿನ ಸಪ್ಲೈಯರ್‌ನನ್ನು ಬೇಕಾದರೂ ಕೇಳಿ. ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಬೆನ್ನ ಹಿಂದೆ ಕಟ್ಟಿದ ಕೈ ಎಂದು ಗುರುತು ಹೇಳಿದರೆ ಸಾಕು, ಅವನು ಚಟ್ನಿ ಬಕೆಟ್ ಕೆಳಗಿಟ್ಟು ನಿಟ್ಟುಸಿರು ಬಿಡುತ್ತಾನೆ. ಎಲ್ಲಿ ಊಟ ಚೆನ್ನಾಗಿದೆ ಎಂದು ಮಾವನಷ್ಟು ಖಚಿತವಾಗಿ ಹೇಳುವವರು ನಮ್ಮ ಬಳಗದಲ್ಲಿ ಇನ್ನೊಬ್ಬರಿಲ್ಲ. ಅವರು ಹೇಳಿದ ಕಡೆ ಉಂಡು ಬೈದುಕೊಂಡು ಬಂದವರೂ ಇಲ್ಲ. ಒಂದೇ ತೊಂದರೆ, ಅವರು ಅದನ್ನು ಕಂಡುಹಿಡಿಯುವಾಗ ನೀವು ಪಕ್ಕದಲ್ಲಿರಬಾರದು!

ಹೋಟೆಲಿನೊಳಗೆ ಕಾಲಿಟ್ಟವರು ಏನು ಮಾಡುತ್ತಾರೆ? ಖಾಲಿ ಟೇಬಲ್ ಹುಡುಕುತ್ತಾರೆ. ಮಾವ ತುಂಬಿದ ಟೇಬಲ್ ಹುಡುಕುತ್ತಾರೆ. ಪರೀಕ್ಷೆಯ ಕೋಣೆಯಲ್ಲಿ ನಕಲು ಹಿಡಿಯಲು ಬಂದ ಮೇಷ್ಟ್ರ ಹಾಗೆ ಸಾಲುಸಾಲಾಗಿ ನಡೆದು, ತಿನ್ನುತ್ತಿರುವವರ ಮುಖವನ್ನು ಬಗ್ಗಿ ಬಗ್ಗಿ ನೋಡುತ್ತಾರೆ. ತಟ್ಟೆಯನ್ನಲ್ಲ, ಮುಖವನ್ನು! ಒಮ್ಮೆ ಒಬ್ಬರು ದೋಸೆಯ ತುಂಡನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ಕೇಳಿದರು:

"ಯಾಕ್ರೀ, ಏನ್ ಬೇಕಾಗಿತ್ತು?"

"ಏನಿಲ್ರೀ, ನೀವು ತಿನ್ರಿ. ನಿಧಾನಕ್ಕೆ ತಿನ್ರಿ. ನಮಗೇನು ಅವಸರ ಇಲ್ಲ."

ಹೀಗೆಂದ ಮೇಲೆ ಯಾವ ಮನುಷ್ಯನ ಗಂಟಲಲ್ಲಿ ದೋಸೆ ಇಳಿದೀತು? ಅವರು ತಟ್ಟೆ ಎತ್ತಿಕೊಂಡು ಇನ್ನೊಂದು ಮೂಲೆಗೆ ಹೋದರು. ಮಾವ ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು. "ನಡೀಲೇ, ಇಲ್ಲಿ ಬ್ಯಾಡ. ತಟ್ಟೆ ಎತ್ಕಂಡು ಹೋದ, ಆದ್ರೆ ಅದರ ಮ್ಯಾಲೆ ಅವನಿಗೆ ಕಣ್ಣೇ ಇಲ್ಲ. ದೋಸೆ ಚೆನ್ನಾಗಿದ್ರೆ ತಟ್ಟೆ ನೋಡ್ಕಂತ ಹೋಗ್ತಿದ್ದ."

ಇದು ಯಾವ ಹೋಟೆಲಿನಲ್ಲಿ ನಡೆಯಿತು ಎಂದು ಮಾತ್ರ ಕೇಳಬೇಡಿ. ಎಲ್ಲ ಹೋಟೆಲುಗಳೂ ನನ್ನ ತಲೆಯಲ್ಲಿ ಒಂದೇ ಹೋಟೆಲಾಗಿ ಕೂತಿವೆ. ನೆನಪು ತನಗೆ ಅನುಕೂಲವಾಗುವಂತೆ ಕುರ್ಚಿ ಮೇಜುಗಳನ್ನು ಸರಿಸಿ ಜಾಗ ಮಾಡಿಕೊಂಡಿದೆ. ನಾನು ಅದನ್ನು ಹೆಚ್ಚು ನಂಬುವುದಿಲ್ಲ. ನೀವೂ ನಂಬಬೇಡಿ.

ಮಾವನದು ಮಂಡಕ್ಕಿ ಭಟ್ಟಿ. ಉಪ್ಪುನೀರು ಹಾಕಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಅರಳಿಸುವ ಕೆಲಸ. ಹೊಟ್ಟಿನ ಬೆಂಕಿ, ಹೊಗೆ, ಮರಳು, ಈ ಮೂರರ ನಡುವೆ ನಿಂತೇ ಅವರು ದೇವರಾಜ ಅರಸು ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಮಕ್ಕಳಿಲ್ಲ. ಮನೆಯಲ್ಲಿ ಅವರು ಮತ್ತು ಅತ್ತೆ ಇಬ್ಬರೇ.

ನಾನು ಇರುವುದು ಹರಿಹರದಲ್ಲಿ, ನನ್ನ ತಾಯಿಯ ಜೊತೆ. ಒಂದು ಸೋಮವಾರ ಮಾವ, ಅತ್ತೆ ಹರಿಹರೇಶ್ವರನ ದರ್ಶನಕ್ಕೆ ಬಂದರು. ನಾನೂ ಜೊತೆಗೆ ಹೋದೆ. ಮುಗಿಸಿ ಹೊರಬಂದಾಗ ಊಟದ ಹೊತ್ತು. ಹತ್ತಿರದಲ್ಲೇ ಒಂದು ಖಾನಾವಳಿ ಇತ್ತು. ನಾವು ಒಳಗೆ ಹೋಗುವಷ್ಟರಲ್ಲಿ ಅದರ ಅಡುಗೆಯವನು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದು ಮನೆ ಕಡೆ ಹೊರಟ. ಮಾವ ಬಾಗಿಲಲ್ಲೇ ನಿಂತರು.

"ನೋಡ್ಲೇ ಅಳಿಯ, ತಾನು ಮಾಡಿದ್ದನ್ನ ತಾನೇ ಉಣ್ಲಿಲ್ಲ. ಮನಿಗೆ ಹೊಂಟಾನೆ. ಅಂದ್ರೆ ಊಟ ಅಲ್ಲೈತೆ."

"ಅಂದ್ರೆ?"

"ಅಂದ್ರೆ ಏನು, ನಡಿ!"

ನಾವು ಹಿಂಬಾಲಿಸಿದೆವು. ಮುಂದೆ ಆತ, ಹಿಂದೆ ಮಾವ, ಅವರ ಹಿಂದೆ ಇಳಕಲ್ ಸೀರೆ ಉಟ್ಟು ಕೈಯಲ್ಲಿ ತೆಂಗಿನಕಾಯಿ, ಹೂವು ಹಿಡಿದ ಅತ್ತೆ, ಕೊನೆಗೆ ಎಣ್ಣೆ ಹಚ್ಚಿ ತಲೆ ಬಾಚಿದ ನಾನು. ಒಂದು ಓಣಿಯ ಪುಟ್ಟ ಮನೆಗೆ ಆತ ಹೋದ. ಬಾಗಿಲಿಗೆ ಬಂದ ಆತನ ಹೆಂಡತಿ ನಮ್ಮನ್ನು ನೋಡಿದರು. ಕಾಯಿ, ಹೂವು, ವಿಭೂತಿ ಹಚ್ಚಿದ ಹಿರಿಯರು, ಮದುವೆ ವಯಸ್ಸಿನ ಗಂಡು. ಆ ತಾಯಿ ಇನ್ನೇನು ತಿಳಿಯಬೇಕು?

"ಅಯ್ಯೋ, ಬರ್ರಿ, ಕೂಡ್ರಿ! ಮುಂಚೆ ಹೇಳಿ ಕಳಿಸಿದ್ರೆ ಚೆನ್ನಾಗಿತ್ತು. ಮಗಳು ಇನ್ನೂ ಸೀರೆನೂ ಉಟ್ಟಿಲ್ಲ."

ನಾನು ಎದ್ದು ಓಡುವ ಮೊದಲೇ ಉಪ್ಪಿಟ್ಟು ಬಂತು. ಅತ್ತೆ ಮೊದಲ ಚಮಚ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಮಾವ ಅವರ ಮುಖವನ್ನೇ ನೋಡುತ್ತಿದ್ದವರು ತಟ್ಟೆ ಎಳೆದುಕೊಂಡು ತಿಂದರು, ಇನ್ನೊಂದು ತಟ್ಟೆಯನ್ನೂ ಕೇಳಿ ಹಾಕಿಸಿಕೊಂಡರು. ಹುಡುಗಿ ಚಹಾದ ತಟ್ಟೆ ಹಿಡಿದು ಬಂದಳು. ವಿಷಯ ಏನೆಂದು ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅತ್ತೆಗೆ. ಆದರೂ ಅವರು ಏನೂ ಆಗದವರಂತೆ, "ಏನು ಓದಿಯಮ್ಮ?" ಎಂದು ಕೇಳಿದರು! ದಾರಿಯಲ್ಲಿ ನಾನು ಮುಖ ಊದಿಸಿಕೊಂಡು ನಡೆಯುತ್ತಿದ್ದೆ. ಮಾವ ಅತ್ತೆಯನ್ನು ಕೇಳಿದರು, "ಉಪ್ಪಿಟ್ಟು ಹೆಂಗಿತ್ತು?"

"ಹುಡುಗಿ ಚೆನ್ನಾಗಿದ್ಲು," ಎಂದರು ಅತ್ತೆ.

ನನ್ನ ತಾಯಿ ಹೇಳುವ ಪ್ರಕಾರ ಆ ದಿನ ನಾನು ಊರಲ್ಲೇ ಇರಲಿಲ್ಲ. ಮಾವನ ಪ್ರಕಾರ ಅಲ್ಲಿ ಹುಡುಗಿಯೇ ಇರಲಿಲ್ಲ, ಉಪ್ಪಿಟ್ಟು ಮಾತ್ರ ಇತ್ತು. ಮೂವರೂ ಸೇರಿದಾಗ ಈ ಕಥೆ ಹೇಳಿ ನಕ್ಕಿದ್ದೇವೆ. ಆ ತಾಯಿ ನಮ್ಮ ಉತ್ತರಕ್ಕಾಗಿ ಎಷ್ಟು ದಿನ ಕಾದರೋ ಎಂಬುದು ಯಾರ ಕಥೆಯಲ್ಲೂ ಬರುವುದಿಲ್ಲ.

ಮಾವನ ಮನೆಯ ಇನ್ನೊಂದು ಪದ್ಧತಿ ಬಳಗದಲ್ಲೆಲ್ಲ ಸುದ್ದಿಯಾಗಿತ್ತು. ಅಲ್ಲಿ ಅತ್ತೆ ಮೊದಲು ಉಣ್ಣಬೇಕು! ಗಂಡಸರು ಉಂಡೆದ್ದ ಮೇಲೆ ಹೆಂಗಸರು ಅಡುಗೆಮನೆಯಲ್ಲಿ ಕೂತು ಉಳಿದದ್ದನ್ನು ಉಣ್ಣುವುದು ಉಳಿದ ಮನೆಗಳ ರೂಢಿ. ಮಾವನ ಮನೆಯಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದರು. ಮಾವ ಎದುರಿಗೆ ಕೈ ಕಟ್ಟಿ ಕೂತಿರುತ್ತಿದ್ದರು. ಅತ್ತೆಯದು ಮೂರು ನಾಲ್ಕು ತುತ್ತು ಆದ ಮೇಲೆಯೇ ಅವರ ತಟ್ಟೆ ಬರುವುದು. ನಮ್ಮ ದೊಡ್ಡಪ್ಪ ಒಬ್ಬರು ಇದಕ್ಕೆ ಕಾರಣ ಹುಡುಕಿದ್ದರು: "ವಿಷ ಹಾಕಿರ್ತಾಳೆ ಅಂತ ಹೆದರಿಕೆ ಇರಬೇಕು ಬಿಡು." ಇನ್ನೊಂದು ಕಡೆ ಸರಸ್ವತಿ ನಗರದ ಮಹಿಳಾ ಮಂಡಳಿಯವರಿಗೆ ಈ ಸುದ್ದಿ ತಲುಪಿ, ಹೆಂಡತಿಗೆ ಮೊದಲ ತುತ್ತು ಕೊಡುವ ಆದರ್ಶ ಪುರುಷನೆಂದು ಮಾವನನ್ನು ವೇದಿಕೆಗೆ ಹತ್ತಿಸಿ ಶಾಲು ಹೊದಿಸಿದರು. ಎರಡು ಮಾತು ಆಡಬೇಕೆಂದು ಮೈಕು ಕೊಟ್ಟರು. ಮಾವ ಲೆಕ್ಕಕ್ಕೆ ಸರಿಯಾಗಿ ಎರಡೇ ಮಾತು ಆಡಿದರು.

"ಊಟ ಆರಿದ ಮ್ಯಾಲೆ ಉಣ್ಣೋದು ಚೆನ್ನಾಗಿರತೈತೆ. ನಮಸ್ಕಾರ."

ಚಪ್ಪಾಳೆ ಯಾರೂ ಹೊಡೆಯಲಿಲ್ಲ. ಮುಂದಿನ ಸಾಲಿನಲ್ಲಿ ಅತ್ತೆ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು.

ಆ ಅತ್ತೆ ಹೋಗಿಬಿಟ್ಟರು. ಹೊಟ್ಟೆಯಲ್ಲಿ ಕಾಣಿಸಿಕೊಂಡ ಕಾಯಿಲೆ, ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಅದನ್ನು ವಿವರಿಸುವುದು ನನಗೆ ಬೇಡ. ಕಾಯಿಲೆಗಳ ಕಥೆ ಎಲ್ಲರ ಮನೆಯಲ್ಲೂ ಒಂದೇ ಧಾಟಿಯಲ್ಲಿರುತ್ತದೆ. ಶಿವಗಣಾರಾಧನೆಯ ದಿನ ಪಂಕ್ತಿ ಕೂತಿತ್ತು. ಮಾವ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡಿದರು, ಒಬ್ಬೊಬ್ಬರ ಮುಖವನ್ನೂ ನೋಡಿದರು. ಪಾಪ, ದುಃಖದಲ್ಲೂ ಉಪಚಾರ ಮಾಡುತ್ತಿದ್ದಾರೆ ಎಂದು ಬಂದವರು ಕಣ್ಣೊರೆಸಿಕೊಂಡರು. ಮಾವ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು:

"ಒಬ್ಬರ ಮುಖದಾಗೂ ಏನೂ ಗೊತ್ತಾಗವಲ್ದು ಕಣಲೇ. ಎಲ್ಲರೂ ಸತ್ತ ಮನಿ ಅಂತ ಮುಖ ಬಿಗಿ ಹಿಡ್ಕಂಡು ಉಣ್ತಾ ಅದಾರೆ."

ಅವರು ಅಂದು ಉಣ್ಣಲಿಲ್ಲ. ಮರುದಿನವೂ ಇಲ್ಲ. ಆಮೇಲೆ ಚಹಾ, ಬಿಸ್ಕತ್ತು, ಬಾಳೆಹಣ್ಣು ಇಷ್ಟೇ. ರೊಟ್ಟಿ ಬಡಿಸಿದರೆ ಮುರಿದು ಮುರಿದು ತಟ್ಟೆಯ ಅಂಚಿಗೆ ಜೋಡಿಸಿ ಎದ್ದುಬಿಡುತ್ತಿದ್ದರು. ಬಿಳಿ ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಮೈಮೇಲೆ ನೇತಾಡತೊಡಗಿತು. ಹೀಗೇ ಬಿಟ್ಟರೆ ಆಸ್ಪತ್ರೆಗೆ ಸೇರಿಸಿ ನಳಿಗೆಯಲ್ಲಿ ಉಣಿಸಬೇಕಾಗುತ್ತದೆ ಎಂದರು ಡಾಕ್ಟರು. ನನ್ನ ತಾಯಿ, ಅವರ ಸ್ವಂತ ಅಕ್ಕ, ಹೋಳಿಗೆ ಮಾಡಿದರು, ಮುಳಗಾಯಿ ಎಣ್ಣೆಗಾಯಿ ಮಾಡಿದರು, ಬೈದರು, ಅತ್ತರು. ಮಾವನ ಉತ್ತರ ಒಂದೇ, "ಹೋಗ್ತಾ ಇಲ್ಲಕ್ಕ, ಬಿಡು."

ಹೀಗಿರುವಾಗ ಒಂದು ಬೆಳಿಗ್ಗೆ ಮಾವ ತಾವೇ ಹರಿಹರಕ್ಕೆ ಬಂದು ನನ್ನ ಮುಂದೆ ಫೋನು ಹಿಡಿದರು. ಅತ್ತೆ ಕೊನೆಯದಾಗಿ ಅವರ ವಾಟ್ಸಾಪಿಗೆ ಕಳಿಸಿದ್ದ ವಿಡಿಯೊ. ಮರಳಿನ ದಿಬ್ಬ, ಒಂಟೆ, ದಿಬ್ಬ ಹಾರುವ ಜೀಪು, ಆಕಾಶದಲ್ಲಿ ಛತ್ರಿಗೆ ಜೋತುಬಿದ್ದ ಮನುಷ್ಯರು. ನಡುವೆ ಕಪ್ಪು ಕನ್ನಡಕದ ಒಬ್ಬ ಹುಡುಗಿ ಜೈಸಲ್ಮೇರಿನಲ್ಲಿ ಎಲ್ಲೆಲ್ಲಿ ಊಟ ಮಾಡಬೇಕೆಂದು ಕೂಗಿ ಕೂಗಿ ಹೇಳುತ್ತಿದ್ದಳು.

"ಇಲ್ಲಿಗೆ ಹೋಗಬೇಕು. ನಿಮ್ಮತ್ತೆ ಕಳಿಸ್ಯಾಳೆ."

ಅತ್ತೆ ಏನನ್ನು ತಾನೇ ಕಳಿಸಿರಲಿಲ್ಲ! ಮೊಣಕಾಲು ನೋವಿಗೆ ಎಕ್ಕದ ಎಲೆ, ಶುಭೋದಯದ ಗುಲಾಬಿ, ಕಳೆದುಹೋದ ನಾಯಿಯ ಫೋಟೊ. ಈ ವಿಡಿಯೊ ನನಗೂ ಬಂದಿತ್ತು, ನನ್ನ ತಾಯಿಗೂ ಬಂದಿತ್ತು, ಹಾಲಿನವನಿಗೂ ಹೋಗಿರಬೇಕು. ಬಳಗದಲ್ಲಿ ಒಬ್ಬರೂ ತೆರೆದು ನೋಡಿರಲಿಲ್ಲ. ನಾನು ಅದನ್ನು ಹೇಳಲು ಬಾಯಿ ತೆರೆದೆ. ತಾಯಿ ಅಡುಗೆಮನೆಯ ಬಾಗಿಲಿಂದ ಕಣ್ಣು ಬಿಟ್ಟರು. ಮಾವ ಹೊರಗೆ ಹೋದ ಮೇಲೆ ನನ್ನ ತೋಳು ಹಿಡಿದು ಹೇಳಿದರು, "ಮರಳುಗಾಡಿಗಾದ್ರೂ ಹೋಗು, ಸಮುದ್ರಕ್ಕಾದ್ರೂ ಹೋಗು. ಅವನ ಹೊಟ್ಟಿಗೆ ಒಂದಿಷ್ಟು ಬೀಳಿಸ್ಕಂಡು ಬಾ."

ಹೊರಡುವ ಮುಂಚೆ ಮಾವ ತಮ್ಮ ಪದ್ಧತಿಯಂತೆ ವಿಚಾರಣೆ ಶುರುಮಾಡಿದರು. ಪೇಟೆಯಲ್ಲಿ ಅವರ ಹಳೆಯ ಗೆಳೆಯರಾದ ಮಾರವಾಡಿ ಸೇಠರ ಪಾತ್ರೆ ಅಂಗಡಿ ಇದೆ. ಜೈಸಲ್ಮೇರಿನ ಕಡೆಯವರು.

"ಸೇಠ್‌ಜೀ, ನಿಮ್ಮೂರಾಗೆ ಊಟ ಎಲ್ಲಿ ಚೆನ್ನಾಗೈತೆ?"

ಸೇಠರು ತಲೆ ಕೆರೆದುಕೊಂಡರು. "ನಮ್ಮೂರು ಅಂದ್ರೆ? ನಾನು ಹುಟ್ಟಿದ್ದು ಇಲ್ಲೇ ಅಲ್ಲೇನ್ರೀ. ಆ ಕಡೆ ಹೋದಾಗೆಲ್ಲ ನನಗೆ ಹೊಟ್ಟಿ ಕೆಡತೈತೆ. ನಮ್ಮ ಮನಿಯಾಕೆ ಮಂಡಕ್ಕಿ ಕಟ್ಟಿ ಕಳಿಸ್ತಾಳೆ. ನಿಮ್ಮ ಭಟ್ಟೀದೇ!"

ಮಾವನಿಗೆ ಇದಕ್ಕಿಂತ ದೊಡ್ಡ ಸುಳಿವು ಬೇಕಾಗಲಿಲ್ಲ. ಭಟ್ಟಿಯಿಂದ ಒಂದು ದೊಡ್ಡ ಚೀಲ ಮಂಡಕ್ಕಿ ತುಂಬಿಸಿದರು. ಜೋಧಪುರದ ರೈಲು ನಮ್ಮ ಸ್ಟೇಷನ್ನಿನಲ್ಲೇ ನಿಲ್ಲುತ್ತದೆ, ಹತ್ತಿದೆವು. ತಾಯಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದ್ದರು. ಮಾವ ಅದನ್ನೆಲ್ಲ ಎದುರು ಸೀಟಿನವರಿಗೆ ಹಂಚಿ, ಅವರು ತಿನ್ನುವುದನ್ನು ನೋಡುತ್ತ ಕೂತರು. ಮಂಡಕ್ಕಿ ಇಡೀ ಬೋಗಿಗೆ ಹಂಚಿದ ಮೇಲೂ ಅರ್ಧ ಚೀಲ ಉಳಿಯಿತು. ತಾವು ಮಾತ್ರ ಚಹಾ ಕುಡಿದರು. ಕಿಟಕಿಯಾಚೆ ಹೊಲಗಳು ಹಸಿರು ಬಿಟ್ಟು ಕಂದು ಬಣ್ಣಕ್ಕೆ ಬಂದವು. ಮಾವನ ಕೆನ್ನೆಯ ಮೂಳೆ ಹೋದ ವಾರಕ್ಕಿಂತ ಚೂಪಾಗಿತ್ತು. ನಾನು ಅದನ್ನು ನೋಡಿ ನೋಡಿ, ತಾಯಿಗೆ ಫೋನಿನಲ್ಲಿ "ಉಣ್ತಾ ಅದಾರೆ" ಎಂದು ಹೇಳುತ್ತ ಹೋದೆ.

ಜೈಸಲ್ಮೇರು ಹಳದಿ ಕಲ್ಲಿನ ಊರು. ಬಾಗಿಲು ಬಾಗಿಲಿಗೂ ಒಂದು ಬೋರ್ಡು: ಒಂಟೆ ಸವಾರಿ, ಜೀಪ್ ಸವಾರಿ, ಹಾರುವ ಛತ್ರಿ, ಗುಡಾರ. ಜನ ಇಲ್ಲಿಗೆ ಬರುವುದೇ ಮೈ ನುಜ್ಜುಗುಜ್ಜು ಮಾಡಿಕೊಳ್ಳಲು. ಇಂಥ ಊರಿನಲ್ಲಿ ಊಟಕ್ಕಾಗಿಯೇ ಬಂದಿಳಿದವರು ನಾವಿಬ್ಬರೇ ಇರಬೇಕು.

ವಿಡಿಯೊದ ಮೊದಲ ಹೋಟೆಲು ಮಾಳಿಗೆಯ ಮೇಲಿತ್ತು. ಮಾವ ಏದುಸಿರು ಬಿಡುತ್ತ ಹತ್ತಿ, ಟೇಬಲುಗಳ ಸುತ್ತು ಹೊಡೆದು, ನಿರಾಶರಾಗಿ ಬಂದರು.

"ಇಲ್ಲಿ ಯಾರೂ ತಿಂತಾನೇ ಇಲ್ಲಲೇ! ಎಲ್ಲರೂ ಫೋಟೊ ಹೊಡ್ಕಂತಾರೆ. ಬಾಯಿಗಿಡೋಕೆ ಮುಂಚೇನೇ ನಗ್ತಾರೆ. ಅದು ತಿಂದ ಮುಖ ಅಲ್ಲ."

ಎರಡನೆಯ ಹೋಟೆಲಿನಲ್ಲಿ ಆಗತಾನೆ ದಿಬ್ಬಗಳಿಂದ ಇಳಿದು ಬಂದ ಗುಂಪು. ಕಣ್ಣಿಗೆ ದೊಡ್ಡ ಕನ್ನಡಕ, ತಲೆಗೆ ಮುಂಡಾಸು, ಮೂಗಿಗೆ ಬಿಸಿಲಿಗೆ ಬಳಿದ ಬಿಳಿ ಮುಲಾಮು, ಉಳಿದ ಕಡೆ ಧೂಳು. ತಿನ್ನುತ್ತಿದ್ದರು, ಚೆನ್ನಾಗಿಯೇ ತಿನ್ನುತ್ತಿದ್ದರು. ಆದರೆ ಮುಖ ಎಲ್ಲಿದೆ ಓದಲು? ಮಾವ ಒಬ್ಬ ಗಡ್ಡದವನ ಹತ್ತಿರ ಬಗ್ಗಿ ಬಹಳ ಹೊತ್ತು ಪ್ರಯತ್ನಿಸಿದರು. ಅವನು ಕೈ ಮುಗಿದು ಇವರ ಜೊತೆಗೂ ಒಂದು ಫೋಟೊ ಹೊಡೆಸಿಕೊಂಡ.

ಮೂರನೆಯದರಲ್ಲಿ ಆದದ್ದು ಇನ್ನೂ ವಿಚಿತ್ರ. ಬೆನ್ನ ಹಿಂದೆ ಕೈ ಕಟ್ಟಿ ಗಂಭೀರವಾಗಿ ಸುತ್ತುತ್ತಿದ್ದ ಮಾವನನ್ನು ನೋಡಿ, ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದ ಸಾಹೇಬರೆಂದು ಅವರು ತಿಳಿದರು! ಒಳಗೆ ಪಾತ್ರೆಗಳ ಸದ್ದಾಯಿತು, ಯಾರೋ ನೆಲ ಒರೆಸಿದರು, ಮ್ಯಾನೇಜರು ತಾನೇ ದೊಡ್ಡ ಲೋಟಗಳಲ್ಲಿ ಲಸ್ಸಿ ಹಿಡಿದು ಓಡಿ ಬಂದ. ಮಾವ ತಮ್ಮ ಲೋಟವನ್ನೂ ನನ್ನ ಮುಂದೆ ತಳ್ಳಿ, "ಕುಡಿ. ಮುಖ ಈ ಕಡೆ ಮಾಡು," ಎಂದರು. ನನಗೋ ಹಿಂದಿನ ದಿನದಿಂದ ಹೊಟ್ಟೆ ಕೆಟ್ಟಿತ್ತು. ಒಂದು ಗುಟುಕು ಇಳಿಯುತ್ತಲೇ ನನ್ನ ಮುಖ ಹಿಂಡಿಕೊಂಡಿತು.

"ಬ್ಯಾಡ, ಎದ್ದೇಳು. ಹುಳಿ ಬಂದೈತೆ."

ಲಸ್ಸಿ ಅಮೃತದ ಹಾಗಿತ್ತು. ಕೆಟ್ಟಿದ್ದು ನನ್ನ ಹೊಟ್ಟೆ. ಆದರೆ ಅವರಿಗೆ ಹೇಗೆ ವಿವರಿಸುವುದು? ಮೆಟ್ಟಿಲು ಇಳಿಯುವಾಗ ಅವರಿಗೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ನಿಂತರು. ನಗುವ ಹೊತ್ತು ಅಲ್ಲಿಗೆ ಮುಗಿದಿತ್ತು. ಇವರಿಗೆ ಇವತ್ತು ಉಣಿಸದಿದ್ದರೆ ನಾಳೆ ಈ ಗೊತ್ತಿಲ್ಲದ ಊರಿನಲ್ಲಿ ಆಸ್ಪತ್ರೆ ಹುಡುಕಬೇಕು ಎಂದು ನನಗೆ ಭಯವಾಯಿತು.

ಕೆಳಗೆ ಬೀದಿಯಲ್ಲಿ ಒಬ್ಬ ದಲ್ಲಾಳಿ ಅಡ್ಡಗಟ್ಟಿದ. ಏನೇನೋ ಹೇಳಿದ. ಅದರಲ್ಲಿ ಮಾವನಿಗೆ ಅರ್ಥವಾದ ಮಾತು ಒಂದೇ, "ಖಾನಾ". ಊಟದ ಜಾಗಕ್ಕೆ ಕರೆದೊಯ್ಯುವ ಜೀಪೆಂದು ತಿಳಿದು, ಮಂಡಕ್ಕಿ ಚೀಲ ತೊಡೆಯ ಮೇಲಿಟ್ಟುಕೊಂಡು ಹತ್ತಿದರು. ನಾನೂ ಹತ್ತಿದೆ. ಊಟ ಇತ್ತು, ಸುಳ್ಳಲ್ಲ. ಆದರೆ ಅದು ಕೊನೆಯಲ್ಲಿ! ಅದಕ್ಕೂ ಮುಂಚೆ ದಿಬ್ಬ ಹಾರಿಸುವುದಿತ್ತು. ಊರು ದಾಟಿ ಮರಳು ಸಿಕ್ಕ ಕೂಡಲೇ ಜೀಪು ಗೋಡೆಯಂಥ ದಿಬ್ಬವನ್ನು ಹತ್ತಿ, ತುದಿಯಲ್ಲಿ ಒಂದು ಕ್ಷಣ ನಿಂತು, ಆ ಕಡೆಗೆ ಬಿದ್ದಿತು. ಬಿದ್ದಿತು ಎಂಬುದೇ ಸರಿಯಾದ ಮಾತು. ಮಾವ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ ಹಿಡಿದು, ದಾವಣಗೆರೆಯ ಪೇಟೆಯಲ್ಲಿ ಕಲಿತ ಹಿಂದಿಯಲ್ಲಿ ಕೂಗಿದರು:

"ಧೀರೇ ಚಲೋ ಭಾಯ್! ಹಮ್ ಖಾನೇಕು ಆಯೇ, ಮರ್ನೇಕು ನಹೀ!"

ಮೆಲ್ಲಗೆ ಹೋಗಪ್ಪ, ನಾವು ಉಣ್ಣಲು ಬಂದವರು, ಸಾಯಲಲ್ಲ ಎಂದು ಅದರ ಅರ್ಥ. ಡ್ರೈವರ್ ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನೂ ಜೋರು ಮಾಡಿದ. ಮುಂದಿನ ದಿಬ್ಬದಲ್ಲಿ ಚೀಲದ ಬಾಯಿ ಬಿಚ್ಚಿಕೊಂಡಿತು. ಮಂಡಕ್ಕಿ ಮೇಲೆದ್ದಿತು. ಗಾಳಿಯಲ್ಲಿ, ಕೂದಲಲ್ಲಿ, ಡ್ರೈವರಿನ ಅಂಗಿಯೊಳಗೆ, ಕನ್ನಡಿಯ ಮೇಲೆ ಎಲ್ಲೆಲ್ಲೂ ಮಂಡಕ್ಕಿ! ಅವನು ಬೆಚ್ಚಿ ಬ್ರೇಕು ಒತ್ತಿದ. ಇಳಿದು ಅಂಗಿ ಕೊಡವಿಕೊಳ್ಳುತ್ತ, ನಮ್ಮನ್ನು ಅನುಮಾನದಿಂದ ನೋಡುತ್ತ, ದೂರ ಹೋಗಿ ಬೀಡಿ ಹಚ್ಚಿದ.

ಇಲ್ಲಿ ಒಂದು ಸೂರ್ಯಾಸ್ತ ಇಟ್ಟರೆ ಬರಹ ಚೆನ್ನಾಗಿ ಕಾಣುತ್ತದೆ. ಇರಲಿಲ್ಲ. ನಡುಮಧ್ಯಾಹ್ನ, ಬಿಸಿಲು, ಸೀದ ಟೈರಿನ ವಾಸನೆ. ನಾವು ಜೀಪಿನ ನೆರಳಿನಲ್ಲಿ ಕೂತೆವು. ಮಾವ ಮರಳನ್ನು ಮುಷ್ಟಿಯಲ್ಲಿ ಎತ್ತಿ ಬೆರಳ ಸಂದಿಯಿಂದ ಸುರಿಸಿ ನೋಡಿದರು.

"ಭಾಳ ಸಣ್ಣದು. ಇದರಾಗೆ ಹುರಿದ್ರೆ ಅಕ್ಕಿಗೆ ಹತ್ಕಂತೈತೆ. ನಮ್ಮ ಹರಿಹರದ ಹೊಳಿ ಮರಳೇ ಮೇಲು."

ಜಗತ್ತಿನ ಜನ ಬಂದು ಬೆರಗಾಗುವ ಮರುಭೂಮಿಯನ್ನು ಮಾವ ಭಟ್ಟಿಗೆ ಬಾರದ್ದೆಂದು ತಳ್ಳಿಹಾಕಿದರು! ನನಗೆ ಹಸಿವಾಗಿತ್ತು. ಚೀಲದಲ್ಲಿ ಉಳಿದ ಮಂಡಕ್ಕಿಯನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಊರಿನಲ್ಲಾದರೆ ಚೀಲ ಬಿಚ್ಚಿಟ್ಟ ಮಂಡಕ್ಕಿ ಸಂಜೆಗೆ ಮೆತ್ತಗಾಗುತ್ತದೆ. ಇಲ್ಲಿಯ ಒಣಗಾಳಿಗೆ ಅದು ಭಟ್ಟಿಯಿಂದ ಈಗ ಇಳಿದಂತಿತ್ತು. ಕರುಂ ಎಂದಿತು. ಮಾವ ತಲೆಯೆತ್ತಿದರು.

"ಹೆಂಗೈತೆ?"

"ಚೆನ್ನಾಗೈತೆ ಮಾವ."

"ಬಾಯಿ ಮಾತು ಬ್ಯಾಡ. ಇನ್ನೊಂದು ಮುಕ್ಕು ಹಾಕ್ಕೋ. ಮುಖ ಈ ಕಡೆ."

ಹಾಕಿಕೊಂಡೆ. ಅವರು ನೋಡಿದರು. ಆಮೇಲೆ ಮರಳನ್ನು ನೋಡುತ್ತ ಹೇಳಿದರು, "ನನಗೆ ರುಚಿ ಇಲ್ಲ ಕಣಲೇ."

"ಅತ್ತೆ ಹೋದ ಮೇಲೆ ಎಲ್ಲರಿಗೂ ಹಂಗೇ ಅನ್ನಿಸತೈತೆ ಮಾವ. ಸ್ವಲ್ಪ ದಿನ..."

"ಅದಲ್ಲ. ಇಲ್ವೇ ಇಲ್ಲ. ವಾಸನೆ, ರುಚಿ ಎರಡೂ ಹೋಗಿ ಭಾಳ ವರ್ಷ ಆತು. ನೀನಿನ್ನೂ ಚಡ್ಡಿ ಹಾಕ್ತಿದ್ದಿ. ಭಟ್ಟಿ ಹೊಗಿಗೋ, ಆಗ ಬಂದ ಜ್ವರಕ್ಕೋ, ಡಾಕ್ಟರಿಗೂ ತಿಳೀಲಿಲ್ಲ."

"ಯಾರಿಗೂ ಹೇಳ್ಲೇ ಇಲ್ಲ?"

"ಭಟ್ಟಿಯೋನಿಗೆ ಉಪ್ಪು ಗೊತ್ತಾಗಲ್ಲ ಅಂದ್ರೆ ಯಾವನು ಮಂಡಕ್ಕಿ ಒಯ್ತಾನೆ? ನಿಮ್ಮತ್ತೆಗೆ ಗೊತ್ತಿತ್ತು. ಅವಳು ಮೊದಲು ಉಣ್ಣೋಳು, ನಾನು ನೋಡೋನು. ಹುಬ್ಬು ಎತ್ತಿದ್ಲು ಅಂದ್ರೆ ಉಪ್ಪು ಜಾಸ್ತಿ. ತುಟಿ ಒಳಗೆ ಎಳ್ಕಂಡ್ರೆ ಹುಳಿ. ಕಣ್ಣು ಮುಚ್ಚಿದ್ರೆ ಸಾಕು, ನನ್ನ ಬಾಯಾಗೆ ತಾನೇ ಬರೋದು. ಅವಳಿಲ್ಲದಾಗ ಹೋಟೆಲಿನಾಗೆ ಮಂದೀ ಮುಖ ನೋಡ್ತಿದ್ದೆ. ಅಷ್ಟು ಚೆನ್ನಾಗಿ ಬರ್ತಿರಲಿಲ್ಲ, ಆದ್ರೂ ನಡೀತಿತ್ತು. ಈಗ ರೊಟ್ಟಿ ಬಾಯಿಗಿಟ್ರೆ ರದ್ದಿ ಕಾಗದ ಅಗದಂಗೆ ಆಗತೈತೆ. ಹೆಂಗೆ ನುಂಗಲಿ ಹೇಳು?"

ಹೋಟೆಲಿನ ಸುತ್ತುಗಳು, ಹರಿಹರದ ಉಪ್ಪಿಟ್ಟು, ಕಿಟಕಿಗೆ ಮುಖ ಮಾಡಿದ ಕುರ್ಚಿ, ಎಲ್ಲ ಒಂದರ ಹಿಂದೊಂದು ಬಂದು ಸರಿಯಾಗಿ ಜೋಡಿಸಿಕೊಂಡವು. ಹೀಗೆ ಎಲ್ಲವೂ ಅಚ್ಚುಕಟ್ಟಾಗಿ ಕೂತಾಗ ನನಗೆ ಅನುಮಾನ ಬರುತ್ತದೆ. 'ರದ್ದಿ ಕಾಗದ' ಎಂಬ ಮಾತು ಅವರದೋ, ಬರೆಯುತ್ತ ನಾನು ಸೇರಿಸಿದ್ದೋ? ಗೊತ್ತಿಲ್ಲ. ಆಗ ನನಗೆ ಹೇಳಲು ಬೇರೇನೂ ತೋಚದೆ, ಹೇಳಬಾರದ್ದನ್ನೇ ಹೇಳಿದೆ.

"ಆ ವಿಡಿಯೊ ಅತ್ತೆ ಎಲ್ಲರಿಗೂ ಕಳಿಸಿದ್ರು ಮಾವ. ನನಗೂ ಬಂದಿತ್ತು."

"ಗೊತ್ತೈತೆ. ಆಸ್ಪತ್ರ್ಯಾಗೆ ಮಲಗಿದ್ದಾಗ ಕೈ ನಡುಗಿ ಒತ್ತಿರತಾಳೆ." ಅವರು ವಿಭೂತಿಗೆ ಅಂಟಿದ್ದ ಮಂಡಕ್ಕಿಯ ಕಾಳನ್ನು ತೆಗೆದು ನೋಡಿದರು. "ಮನ್ಯಾಗೆ ಉಣ್ಣಾಕೆ ಕೂತ್ರೆ ಎದುರಿಗೆ ಆ ಕುರ್ಚಿ ಕಾಣತೈತೆ. ಇಷ್ಟು ದೂರ ಬಂದ್ರೆ ಕಾಣಲಿಕ್ಕಿಲ್ಲ ಅನ್ಕಂಡಿದ್ದೆ."

ನಾನು ಇನ್ನೊಂದು ಹಿಡಿ ತಿಂದೆ. ಅಳು ಬರುತ್ತಿತ್ತು, ಹಾಗಾಗಿ ಮುಖ ಯಾವ ರುಚಿಯನ್ನು ತೋರಿಸಿತೋ ದೇವರೇ ಬಲ್ಲ. ಮಾವ ಚೀಲಕ್ಕೆ ಕೈ ಹಾಕಿದರು. ಒಂದು ಮುಕ್ಕು ಬಾಯಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ಅಗಿದರು.

"ಸಪ್ಪಳ ಚೆನ್ನಾಗೈತೆ," ಎಂದರು.

ಚೀಲದ ತಳದಲ್ಲಿ ಇದ್ದಷ್ಟನ್ನೂ ಇಬ್ಬರೂ ತಿಂದೆವು. ಡ್ರೈವರ್ ಬಂದು, ಕರಾರಿನ ಊಟ ತಯಾರಿದೆ ಎಂದು ಕರೆದ. ಮಾವ ಕೈ ಮುಗಿದು, ನಮ್ಮದು ಆಯಿತು ಎಂದರು.

ಈಗ ಭಾನುವಾರ ಭಾನುವಾರ ತಾಯಿ ಮತ್ತು ನಾನು ಹರಿಹರದಿಂದ ದಾವಣಗೆರೆಗೆ ಹೋಗುತ್ತೇವೆ. ತಾಯಿ ಅಡುಗೆ ಮಾಡುತ್ತಾರೆ. ಕಿಟಕಿಯ ಕಡೆಯ ಕುರ್ಚಿಯಲ್ಲಿ ನಾನು ಕೂರಬೇಕು, ಮಾವ ಎದುರಿಗೆ. ಉಳಿದ ದಿನಗಳಲ್ಲಿ ಅವರು ಏನು ಉಣ್ಣುತ್ತಾರೋ ಕೇಳಿಲ್ಲ. ಅಂಗಿ ಇನ್ನೂ ನೇತಾಡುತ್ತಲೇ ಇದೆ. ಮರಳುಗಾಡಿನಿಂದ ಬಂದವರು ಎಲ್ಲ ಸರಿಹೋಗಿ ಬಂದರು ಎಂದು ಮುಗಿಸಲು ನನಗೂ ಆಸೆ, ಆದರೆ ಹಾಗಾಗಲಿಲ್ಲ.

ಹೋದ ಭಾನುವಾರ ತಾಯಿ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದರು. ತುತ್ತು ಬಾಯಿಗಿಟ್ಟ ಕೂಡಲೇ ಗೊತ್ತಾಯಿತು. ಮಾವ ಕೈ ಕಟ್ಟಿ ನೋಡುತ್ತಿದ್ದರು. ಈಗ ಹುಬ್ಬು ಅಲ್ಲಾಡಿದರೆ ಇವರು ಎದ್ದುಬಿಡುತ್ತಾರೆ ಎನ್ನಿಸಿ, ನಾನು ಅತ್ತೆಯ ಹಾಗೆ ನಿಧಾನವಾಗಿ ಕಣ್ಣು ಮುಚ್ಚಿದೆ. ತೆರೆದಾಗ ಮಾವ ಇನ್ನೂ ನೋಡುತ್ತಲೇ ಇದ್ದರು.

"ಸುಳ್ಳು," ಎಂದರು.

ನಾನು ಇನ್ನೊಂದು ತುತ್ತು ಮುರಿದೆ.

"ಕೊನಿಕೊನಿಗೆ ನಿಮ್ಮತ್ತೆಗೂ ಔಷಧಕ್ಕೆ ಬಾಯಿ ಸತ್ತು ಹೋಗಿತ್ತು. ಆಸ್ಪತ್ರ್ಯಾಗೆ ಆ ಗಂಜಿ ಬಾಯಿಗಿಟ್ಕಂಡು ಹಿಂಗೇ ಕಣ್ಣು ಮುಚ್ಚೋಳು. ನಾನು ಉಣ್ಲಿ ಅಂತ."

"ಸುಳ್ಳು ಅಂತ ನಿಮಗೆ ಗೊತ್ತಾಗ್ತಿತ್ತಾ?"

"ಇಷ್ಟು ವರ್ಷ ಓದಿದ ಮುಖ. ಗೊತ್ತಾಗದೇ ಇರತೈತಾ?"

"ಮತ್ತೆ?"

"ಮತ್ತೆ ಏನು? ಉಂಡೆ."

ಅವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಡುಗೆಮನೆಯ ಕಡೆ ತಿರುಗಿ ಕೂಗಿದರು.

"ಅಕ್ಕಾ, ಪಲ್ಯ ಚೆನ್ನಾಗೈತಂತೆ. ಬಡಿಸು."